ದೇವರಿಗೆ ಬಿಟ್ಟ ಹುರುಳಿ

ಎಲೀಶಪ್ಪನ ಹೆಂಡತಿ ಕರುಣಮ್ಮನಿಗೆ ಹುರುಳಿಕಾಳು ಕಂಡರಾಗದು. ಕುದುರೆ ತಿನ್ನುವುದನ್ನು ಮನುಷ್ಯರು ಯಾಕೆ ತಿನ್ನಬೇಕು ಎಂಬುದು ಆಕೆಯ ವಾದ. ಆ ಭಾನುವಾರ ಎಲೀಶಪ್ಪನಿಗೆ ಬಂದೊದಗಿದ ಫಜೀತಿಗೆಲ್ಲ ಮೂಲ ಇದೇ.

ಕೋಗಿಲು ಹಳ್ಳಿಯಲ್ಲಿದ್ದ ಅವನ ಅಕ್ಕ ಪ್ರತಿ ವರ್ಷ ಒಂದು ಮಡಕೆ ಹುರುಳಿ ಕಳಿಸುತ್ತಿದ್ದಳು. ಕರುಣಮ್ಮ ಅದನ್ನು ಅಡುಗೆಮನೆಯ ಅಟ್ಟಕ್ಕೆ ಏರಿಸಿ ಮರೆತುಬಿಡುತ್ತಿದ್ದಳು. ಇಡೀ ಮನೆಯಲ್ಲಿ ಹೆಂಡತಿ ಕೈಹಾಕದ ಜಾಗ ಅದೊಂದೇ ಎಂದು ಕಂಡುಕೊಂಡ ಎಲೀಶಪ್ಪ, ಮಡಕೆಯ ತಳದಲ್ಲಿ ಒಂದು ಪೌಡರ್ ಡಬ್ಬಿ ಹೂತಿಟ್ಟಿದ್ದ. ಡಬ್ಬಿಯಲ್ಲಿ ನೂರಿಪ್ಪತ್ತು ರೂಪಾಯಿ ಇತ್ತು.

ನಿಜ ಹೇಳಬೇಕೆಂದರೆ ಆ ದುಡ್ಡು ಅವನದಲ್ಲ, ದೇವರದು. ಎಲೀಶಪ್ಪ ಯಶವಂತಪುರ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತ. ಸಂಬಳದಲ್ಲಿ ಹತ್ತರಲ್ಲೊಂದು ಪಾಲು ಚರ್ಚಿಗೆ ಕೊಡಬೇಕೆಂಬ ದಶಮಾಂಶದ ಕಟ್ಟಳೆ ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಒಂದು ತಿಂಗಳು ಕೈ ಬಿಗಿಯಾಗಿತ್ತು. ಮುಂದಿನ ತಿಂಗಳು ಸೇರಿಸಿ ಕೊಡುತ್ತೇನೆ ಎಂದು ಪ್ರಾರ್ಥನೆಯಲ್ಲಿ ಅರಿಕೆ ಮಾಡಿಕೊಂಡ. ದೇವರು ಬೇಡ ಅನ್ನಲಿಲ್ಲ. ಅದರ ಮುಂದಿನ ತಿಂಗಳೂ ಅನ್ನಲಿಲ್ಲ. ಹೀಗೆ ದೇವರ ಪಾಲು ಡಬ್ಬಿಯಲ್ಲಿ ಬೆಳೆಯುತ್ತಿದ್ದಾಗ, ಮಲ್ಲೇಶ್ವರದ ಒಂದು ಅಂಗಡಿಯಲ್ಲಿ ಅವನು ಆ ರೇಡಿಯೋ ನೋಡಿದ. ಯಾರೋ ಬಳಸಿ ಮಾರಿದ್ದು, ಆದರೂ ಮರದ ಪೆಟ್ಟಿಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಹಸಿರು ದೀಪದ ಆ ರೇಡಿಯೋ ಕಂಡ ದಿನದಿಂದ ಎಲೀಶಪ್ಪನ ಪ್ರಾರ್ಥನೆಗಳು ಚಿಕ್ಕವಾಗುತ್ತ ಬಂದವು. ಅಂಗಡಿಯವನು ಸೋಮವಾರದ ತನಕ ಕಾಯುತ್ತೇನೆ, ಆಮೇಲೆ ಯಾರು ಬಂದರೂ ಕೊಟ್ಟುಬಿಡುತ್ತೇನೆ ಎಂದಿದ್ದ.

ಇತ್ತ ಕರುಣಮ್ಮ ಚರ್ಚಿನ ಸುಗ್ಗಿ ಹಬ್ಬಕ್ಕೆ ಒಂದು ವಾಯಿಲ್ ಸೀರೆ ಕೇಳಿದಾಗ ಎಲೀಶಪ್ಪ ಷರಟಿನ ಜೇಬನ್ನು ಹೊರಗೆಳೆದು ತೋರಿಸಿದ್ದ. "ಮನೇಲಿ ಬಿಡಿಗಾಸಿಲ್ಲ ಕಣೇ. ಬೇಕಾದ್ರೆ ಹುಡುಕ್ಕೋ" ಎಂದಿದ್ದ. ಹೇಳುವಾಗ ದನಿಯನ್ನು ಸ್ವಲ್ಪ ಗದ್ಗದವಾಗಿಯೂ ಮಾಡಿಕೊಂಡಿದ್ದ.

ಸುಗ್ಗಿ ಹಬ್ಬದ ಭಾನುವಾರ ಬೆಳಿಗ್ಗೆ ಕರುಣಮ್ಮ ಚರ್ಚು ಸಿಂಗರಿಸಲು ಬೇಗನೆ ಹೋಗಿದ್ದಳು. ಹೆಂಡತಿ ಇಲ್ಲದ ಸಮಯ ನೋಡಿ ಎಲೀಶಪ್ಪ ಡಬ್ಬಿ ತೆಗೆಯಲು ಸ್ಟೂಲು ಹತ್ತಿದ. ಅಟ್ಟದ ಮೇಲೆ ಮಡಕೆ ಇರಲಿಲ್ಲ. ಮಡಕೆ ಇದ್ದ ಕಡೆ ಧೂಳಿನಲ್ಲಿ ಒಂದು ದುಂಡನೆಯ ಗುರುತು ಮಾತ್ರ ಇತ್ತು.

ಅವನಿಗೆ ಕೂಡಲೇ ಎಲ್ಲ ಹೊಳೆಯಿತು. ಸುಗ್ಗಿ ಹಬ್ಬಕ್ಕೆ ಪ್ರತಿ ಮನೆಯಿಂದ ಬೆಳೆದದ್ದನ್ನೋ ಕೊಂಡದ್ದನ್ನೋ ದೇವರಿಗೆ ಒಯ್ದು ಒಪ್ಪಿಸಬೇಕು. ಮತ್ತಿಕೆರೆ ಕಡೆಗಿದ್ದ ಆ ಹೆಂಚಿನ ಚರ್ಚಿನ ಭಕ್ತರು ಇದರಲ್ಲಿ ಬಹಳ ಜಾಣರು. ಮೊಟ್ಟೆಯಿಡುವುದನ್ನು ನಿಲ್ಲಿಸಿದ ಕೋಳಿ, ಯಾರೂ ತಿನ್ನದ ಕುಂಬಳಕಾಯಿ, ಬೂಷ್ಟು ಬಂದ ಉಪ್ಪಿನಕಾಯಿ, ಒಟ್ಟಿನಲ್ಲಿ ಮನೆಗೆ ಬೇಡವಾದದ್ದೆಲ್ಲ ಆ ದಿನ ಭಕ್ತಿಯಿಂದ ದೇವರಿಗೆ ಸೇರುತ್ತಿತ್ತು. ಕರುಣಮ್ಮನಿಗೆ ಹುರುಳಿಗಿಂತ ಬೇಡವಾದದ್ದು ಇನ್ನೇನಿದ್ದೀತು?

ಎಲೀಶಪ್ಪ ಗುಂಡಿ ತಪ್ಪಿಸಿ ಹಾಕಿಕೊಂಡ ಷರಟಿನಲ್ಲೇ ಓಡಿದ. ಚರ್ಚು ತುಂಬಿಹೋಗಿತ್ತು. ಬೋಧನೆ ಮಾಡುವ ಪ್ರಸಂಗ ಪೀಠದ ಕೆಳಗೆ ಕಬ್ಬು, ಬಾಳೆಗೊನೆ, ಕಾಲು ಕಟ್ಟಿದ ಕೋಳಿಗಳ ನಡುವೆ ಅವನ ಮಡಕೆ ಚೆಂಡುಹೂವಿನ ಹಾರ ಹಾಕಿಕೊಂಡು ಕೂತಿತ್ತು. ಕರುಣಮ್ಮ ಹಾಡುವವರ ಜೊತೆ ಆಚೆ ಬದಿಯಲ್ಲಿ ನಿಂತಿದ್ದಳು. ಹಿಂದಿನ ಬೆಂಚಿಗೆ ನುಸುಳುವುದರಲ್ಲಿದ್ದ ಎಲೀಶಪ್ಪನನ್ನು ಸಭಾಪಾಲಕರಾದ ಅಯ್ಯನವರು ತಾವೇ ಬಂದು ಕೈಹಿಡಿದು ಮುಂದಿನ ಬೆಂಚಿನಲ್ಲಿ ಕೂರಿಸಿದರು. ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದರು. ಸಭೆಯ ಹಿರಿಯರಲ್ಲೊಬ್ಬರಾದ ತಿಮೊಥಿ ಮೇಷ್ಟ್ರು ಅವನ ಕಡೆ ನೋಡಿ ತಲೆಬಾಗಿದರು. ಒಂದು ಮಡಕೆ ಹುರುಳಿಗೆ ಇಷ್ಟೊಂದು ಮರ್ಯಾದೆಯೇ ಎಂದು ಅವನಿಗೆ ಆಶ್ಚರ್ಯವಾಯಿತು. ಆದರೆ ಯೋಚಿಸಲು ಪುರುಸೊತ್ತಿರಲಿಲ್ಲ.

ಅಯ್ಯನವರ ದೀರ್ಘ ಪ್ರಾರ್ಥನೆ ಶುರುವಾಯಿತು. ಅದು ಊರಿಗೇ ಹೆಸರಾದ ಪ್ರಾರ್ಥನೆ. ದೆಹಲಿಯ ಸರ್ಕಾರದಿಂದ ಹಿಡಿದು ಮತ್ತಿಕೆರೆಯ ಬಾವಿಯವರೆಗೆ ಎಲ್ಲವನ್ನೂ ಮುಟ್ಟಿ ಬರುತ್ತಿತ್ತು. ಎಲ್ಲರ ಕಣ್ಣೂ ಮುಚ್ಚಿದ್ದವು. ಎಲೀಶಪ್ಪ ಮೆಲ್ಲನೆ ಬೆಂಚಿನಿಂದಿಳಿದು, ಮಂಡಿಯೂರಿ ತೆವಳಿಕೊಂಡು ಹೋಗಿ ಮಡಕೆಗೆ ಕೈಹಾಕಿದ. ಮುಂಗೈ ಮುಳುಗಿತ್ತಷ್ಟೆ, ಪಕ್ಕದಲ್ಲಿದ್ದ ಹುಂಜ ಅವನ ಕಿವಿಗೆ ಕುಕ್ಕಿ ಇಡೀ ಚರ್ಚು ಬೆಚ್ಚುವಂತೆ ಕೂಗಿಕೊಂಡಿತು.

ಅಯ್ಯನವರು ಕಣ್ಣುಬಿಟ್ಟು ನೋಡಿದರು. ಕಾಣಿಕೆಗಳ ಮುಂದೆ ಮಂಡಿಯೂರಿದ್ದ ಎಲೀಶಪ್ಪನ ಕಣ್ಣಲ್ಲಿ ನೀರಿತ್ತು. ಕಿವಿ ಉರಿಯುತ್ತಿತ್ತಲ್ಲ.

"ಸಭೆಯವರೇ, ಒಬ್ಬ ಮನುಷ್ಯನ ಹೃದಯ ಕರಗೋದನ್ನ ನೀವು ನೋಡಿರಲಿಕ್ಕಿಲ್ಲ" ಎಂದರು ಅಯ್ಯನವರು. "ಇವತ್ತು ನೋಡಿ."

ಎಲೀಶಪ್ಪನನ್ನು ನಾಲ್ಕು ಜನ ಎಬ್ಬಿಸಿ ಮತ್ತೆ ಬೆಂಚಿಗೆ ತಂದರು. ಆಮೇಲೆ ಪ್ರಸಂಗ. ಹಳೆಯ ಕಣಜ ಕೆಡವಿ ದೊಡ್ಡ ಕಣಜ ಕಟ್ಟಿಸಿ, ಇನ್ನು ಸುಖವಾಗಿರುತ್ತೇನೆ ಎಂದುಕೊಂಡ ರಾತ್ರಿಯೇ ಕಣ್ಣುಮುಚ್ಚಿದ ಶ್ರೀಮಂತನ ಕತೆಯನ್ನು ಅಯ್ಯನವರು ಹೇಳಿದರು. ಇರುವುದರಲ್ಲಿ ತೃಪ್ತಿಪಡಬೇಕು, ಮಿಕ್ಕಿದ್ದನ್ನು ನಗುನಗುತ್ತ ಕೊಡಬೇಕು ಎಂದರು. ಹಾಗೆನ್ನುವಾಗಲೆಲ್ಲ ಎಲೀಶಪ್ಪನನ್ನೇ ನೋಡಿ ನಗುತ್ತಿದ್ದರು. ಎಲೀಶಪ್ಪ ಮಡಕೆಯನ್ನೇ ನೋಡುತ್ತಿದ್ದ.

ಆರಾಧನೆ ಮುಗಿದ ಮೇಲೆ ಹೊರಗೆ ಹುಣಸೆಮರದ ಕೆಳಗೆ ಕಾಣಿಕೆಗಳ ಹರಾಜು. ಅದಕ್ಕೆ ಸುತ್ತಲಿನ ಊರಿನವರೆಲ್ಲ ಬರುತ್ತಿದ್ದರು. ಅಗ್ಗದ ಕೋಳಿಯ ಮುಂದೆ ಜಾತಿ ಮತ ಎಂಥದು? ನಯಾಪೈಸೆ ಬಂದು ವರ್ಷಗಳಾಗಿದ್ದರೂ ತಿಮೊಥಿ ಮೇಷ್ಟ್ರು ಇನ್ನೂ ಆಣೆಗಳಲ್ಲೇ ಹರಾಜು ಕೂಗುತ್ತಿದ್ದರು. ಹುರುಳಿಯ ಸರದಿ ಬಂದಾಗ ಒಂದು ಹಿಡಿ ತೆಗೆದು ಎಲ್ಲರಿಗೂ ತೋರಿಸಿದರು. ಕರುಣಮ್ಮನವರು ಕೇರಿ ಹಸನು ಮಾಡಿ ಕೊಟ್ಟಿದ್ದಾರೆ, ಹುಡುಕಿದರೂ ಒಂದು ಕಲ್ಲಿಲ್ಲ ಎಂದು ಹೊಗಳಿದರು. ಎಲೀಶಪ್ಪನ ಕಿವಿಗೆ ಬಿದ್ದದ್ದು ಹರಾಜಿನ ಮೊದಲ ಕೂಗು ಮಾತ್ರ.

ಸ್ಟೇಷನ್ನಿನ ಹತ್ತಿರ ಜಟಕಾ ಹೊಡೆಯುವ ಗುಲಾಮ್ ರಸೂಲ್ ತನ್ನ ಕುದುರೆಗೆಂದು ಎರಡು ರೂಪಾಯಿ ಕೂಗಿದ. ಎಲೀಶಪ್ಪ ಎರಡೂವರೆ ಎಂದ. ಜನ ತಿರುಗಿ ನೋಡಿದರು. ಇಷ್ಟು ವರ್ಷಗಳಲ್ಲಿ ಎಲೀಶಪ್ಪ ಹರಾಜಿನಲ್ಲಿ ಕೊಂಡಿದ್ದು ಒಂದೇ ಒಂದು ನಿಂಬೆಹಣ್ಣು, ಅದಕ್ಕೂ ಚೌಕಾಸಿ ಮಾಡಿದ್ದ. ಮಾತು ಏರುತ್ತ ಏರುತ್ತ ಏಳು ರೂಪಾಯಿಗೆ ನಿಂತಿತು.

"ಏಳು ರೂಪಾಯಿ ಕಾಳು ತಿಂದ್ರೆ ನನ್ ಕುದ್ರೆ ಗಾಡಿ ಎಳೆಯಲ್ಲ ಸ್ವಾಮಿ, ಗಾಡೀಲಿ ಕೂತ್ಕೊಳ್ತದೆ" ಎಂದ ಗುಲಾಮ್ ರಸೂಲ್. "ನೀವೇ ತಗೊಳ್ಳಿ."

ಎಲೀಶಪ್ಪ ಜೇಬಿನಲ್ಲಿದ್ದುದನ್ನೆಲ್ಲ ಸುರಿದು ಮಡಕೆಯನ್ನು ತಬ್ಬಿಕೊಂಡ. ಎರಡು ಹೆಜ್ಜೆ ಇಟ್ಟಿರಲಿಲ್ಲ, ಮೇಷ್ಟ್ರು ನಯವಾಗಿ ಅದನ್ನು ಅವನ ತೋಳಿನಿಂದ ಬಿಡಿಸಿಕೊಂಡರು. ಆ ಚರ್ಚಿನಲ್ಲೊಂದು ಪದ್ಧತಿಯಿತ್ತು. ಉದಾರಿಗಳಾದವರು ದುಡ್ಡು ಕೊಟ್ಟು ಕೊಂಡದ್ದನ್ನು ಮತ್ತೆ ದೇವರಿಗೇ ಬಿಟ್ಟು ಮರುಹರಾಜಿಗೆ ಕೊಡುತ್ತಿದ್ದರು. ಬೇರೆ ವರ್ಷವಾಗಿದ್ದರೆ ಎಲೀಶಪ್ಪನ ಕೈಯಿಂದ ಹೀಗೆ ಕಸಿಯುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ. ಈ ವರ್ಷ ಮೇಷ್ಟ್ರು ಅವನನ್ನು ಕೇಳಲೂ ಇಲ್ಲ. ಎಲೀಶಪ್ಪನವರು ಮರುಹರಾಜಿಗೆ ಬಿಟ್ಟಿದ್ದಾರೆ ಎಂದು ಸಾರಿದರು, ಜನ ಚಪ್ಪಾಳೆ ತಟ್ಟಿದರು.

ಬೇಡ ಎನ್ನಲು ಬಾಯಿ ತೆರೆದವನು, ಯಾರಾದರೂ ಕೊಂಡುಬಿಟ್ಟಾರೆಂಬ ಭಯದಲ್ಲಿ ಹತ್ತು ರೂಪಾಯಿ ಎಂದುಬಿಟ್ಟ. ತನ್ನದೇ ಮಡಕೆಗೆ ತಾನೇ ಏಳು ಕೊಟ್ಟು, ತಾನೇ ಹತ್ತು ಕೂಗಿದ್ದ.

ಯಶವಂತಪುರದಲ್ಲಿ ಕಾಳಿನ ಮಂಡಿ ಇಟ್ಟಿದ್ದ ಪಿಳ್ಳಣ್ಣ ಒಂದು ಕೋಳಿ ಕೊಳ್ಳಲು ಬಂದು ಮರಕ್ಕೊರಗಿ ನಿಂತಿದ್ದ. ಈಗ ನೆಟ್ಟಗಾದ. ಯಾವ ಸರಕು ಯಾವ ವ್ಯಾಗನ್ನಿನಲ್ಲಿ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದು ಗೂಡ್ಸ್ ಗುಮಾಸ್ತನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಥವನು ಹುರುಳಿಗೆ ಮುಗಿಬೀಳುತ್ತಿದ್ದಾನೆ.

"ಇದ್ರಾಗೆ ಏನೋ ಐತೆ" ಎಂದು ಪಿಳ್ಳಣ್ಣ ಪಕ್ಕದವನ ಕಿವಿಯಲ್ಲಿ ಹೇಳಿದ. "ಉರುಳಿ ರೇಟು ಏರ್ತದೆ. ಇಲ್ದಿದ್ರೆ ಇವ್ನು ಇಂಗೆ ಬಾಯಿ ಬಿಡೋ ಗಿರಾಕಿ ಅಲ್ಲ."

ಆಮೇಲೆ ನಡೆದದ್ದನ್ನು ಮತ್ತಿಕೆರೆಯವರು ಬಹಳ ಕಾಲ ನೆನೆಸಿಕೊಳ್ಳುತ್ತಿದ್ದರು. ಪಿಳ್ಳಣ್ಣ ಹದಿನೈದು ಎಂದರೆ ಎಲೀಶಪ್ಪ ಹದಿನಾರು ಎನ್ನುತ್ತಿದ್ದ. ಪಿಳ್ಳಣ್ಣ ಇಪ್ಪತ್ತೈದು ಎಂದಾಗ ಎಲೀಶಪ್ಪನ ಷರಟು ಬೆವರಿನಲ್ಲಿ ತೊಯ್ದು ಮೈಗೆ ಅಂಟಿತ್ತು. ಅಯ್ಯನವರು ಕಣ್ಣೊರೆಸಿಕೊಳ್ಳುತ್ತಿದ್ದರು. ಎಲೀಶಪ್ಪ ನಲವತ್ತು ಎಂದ ಕ್ಷಣ ಪಿಳ್ಳಣ್ಣನಿಗೆ ಜ್ಞಾನೋದಯವಾಯಿತು. ಒಂದು ಮಡಕೆಗೆ ಇಷ್ಟು ಸುರಿಯುವ ಬದಲು, ಸುದ್ದಿ ಹಬ್ಬುವುದರೊಳಗೆ ಪೇಟೆಯಲ್ಲಿರುವ ಮೂಟೆಗಳನ್ನೇ ಕೊಂಡುಬಿಟ್ಟರೆ? ಅವನು ಕೋಳಿಯನ್ನೂ ಮರೆತು ಯಶವಂತಪುರದ ಕಡೆ ದಾಪುಗಾಲು ಹಾಕಿದ.

ಮೇಷ್ಟ್ರು ಮೂರನೆಯ ಸಲ ಮಡಕೆಗೆ ಕೈಯಿಟ್ಟಾಗ ಎಲೀಶಪ್ಪ ಅದರ ಮೇಲೆ ಬೋರಲು ಬಿದ್ದ.

"ಇದನ್ನ ಮನೆಗೆ ಕೊಡಿ ಮೇಷ್ಟ್ರೇ. ನಂಗೆ ಹುರುಳಿ ಸಾರು ಅಂದ್ರೆ ಪ್ರಾಣ" ಎಂದು ಅಂಗಲಾಚಿದ.

ಜನರೆಲ್ಲ ನಕ್ಕರು. ಹೆಂಗಸರ ಗುಂಪಿನಲ್ಲಿದ್ದ ಕರುಣಮ್ಮ ನಗಲಿಲ್ಲ, ಗಂಡನನ್ನೇ ಒಂದು ಗಳಿಗೆ ನೋಡಿದಳು. ನಲವತ್ತನ್ನು ಸಂಬಳದ ದಿನ ಕಟ್ಟುವುದಾಗಿ ಎಲ್ಲರೆದುರು ಮಾತು ಕೊಟ್ಟು ಎಲೀಶಪ್ಪ ಮಡಕೆ ಹೊತ್ತುಕೊಂಡು ಹೊರಟ. ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಹೋದದ್ದು ಹೋಗಲಿ, ಡಬ್ಬಿಯಲ್ಲಿರುವುದನ್ನು ಕೊಟ್ಟು ನಾಳೆ ರೇಡಿಯೋ ತಂದುಬಿಡುವುದು. ಒಂದು ತಿಂಗಳು ಗಂಜಿ ಕುಡಿದರೂ ಹಾಡು ಕೇಳುತ್ತ ಕುಡಿಯಬಹುದು.

ಮನೆಗೆ ಬಂದು ಕದ ಹಾಕಿ ಮಡಕೆಯನ್ನು ಚಾಪೆಯ ಮೇಲೆ ಬೋರಲು ಹಾಕಿದ. ಹುರುಳಿ ಬಿತ್ತು. ಅಲುಗಿಸಿದ, ಇನ್ನಷ್ಟು ಹುರುಳಿ ಬಿತ್ತು. ಡಬ್ಬಿ ಬೀಳಲಿಲ್ಲ. ಕಾಳಿನ ರಾಶಿಯನ್ನು ಎರಡೂ ಕೈಯಿಂದ ಕೆದಕುತ್ತಿದ್ದಾಗ ಕರುಣಮ್ಮ ಬಾಗಿಲು ತಟ್ಟಿದಳು.

"ಈ ಮಡಕೇಲಿ ಕಾಳು ಬಿಟ್ಟು ಬೇರೆ ಏನಾದ್ರೂ ಇತ್ತಾ?" ಎಂದು ಅವನು ಆದಷ್ಟು ಸಾಧಾರಣ ದನಿಯಲ್ಲಿ ಕೇಳಿದ.

"ಅದನ್ನೇ ಹೇಳ್ಬೇಕು ಅಂತಿದ್ದೆ ಕಣ್ರೀ. ದೇವರಿಗೆ ಕೊಡೋದು ಹೊಟ್ಟು ಕಲ್ಲು ಇರಬಾರ್ದು ಅಂತ ನಿನ್ನೆ ಕೇರೋಕೆ ಮೊರಕ್ಕೆ ಸುರಿದ್ರೆ ಒಂದು ಡಬ್ಬಿ ಬಿತ್ತು, ಅದರ ತುಂಬ ದುಡ್ಡು. ನೀವೇ ಹೇಳಿದ್ರಲ್ಲ, ಮನೇಲಿ ಬಿಡಿಗಾಸಿಲ್ಲ ಅಂತ. ನೀವು ಸುಳ್ಳು ಹೇಳೋ ಮನುಷ್ಯರಾ?"

ಎಲೀಶಪ್ಪ ಇಲ್ಲ ಎಂದು ತಲೆಯಾಡಿಸಿದ. ಬೇರೆ ದಾರಿಯಿರಲಿಲ್ಲ.

"ಮತ್ತೆ? ನಮ್ದಲ್ಲ ಅಂದ್ಮೇಲೆ ಅದು ದೇವರು ಇಟ್ಟಿದ್ದೇ. ಬೆಳಿಗ್ಗೆ ನಿಮ್ಮ ಹೆಸರಲ್ಲೇ ಅಯ್ಯನೋರ ಕೈಗೆ ಕೊಟ್ಟುಬಿಟ್ಟೆ."

ಕರುಣಮ್ಮನ ಮುಖದಲ್ಲಿ ಭಕ್ತಿ ಬಿಟ್ಟು ಬೇರೇನೂ ಕಾಣಲಿಲ್ಲ. ಇದ್ದಿದ್ದರೂ ಎಲೀಶಪ್ಪನಿಗೆ ಅದನ್ನು ನೋಡುವ ಶಕ್ತಿಯಿರಲಿಲ್ಲ. ದೇವರು ತನ್ನ ಬಾಕಿಯನ್ನು ವಸೂಲಿ ಮಾಡಿಕೊಂಡದ್ದಲ್ಲದೆ ಮೇಲೆ ನಲವತ್ತೇಳು ರೂಪಾಯಿ ಬಡ್ಡಿಯನ್ನೂ ಹಾಕಿದ್ದ.

ಅಷ್ಟರಲ್ಲಿ ಅಯ್ಯನವರೇ ಮನೆಗೆ ಬಂದರು. ಇಷ್ಟು ದೊಡ್ಡ ಕಾಣಿಕೆಯನ್ನು ಯಾರಿಗೂ ತಿಳಿಯದ ಹಾಗೆ ಕೊಟ್ಟು, ಏನೂ ಆಗದವರಂತೆ ಬಂದು ಹರಾಜಿನಲ್ಲೂ ಕೈ ಬಿಚ್ಚಿದ ಇಂಥವರನ್ನು ತಾವು ಕಂಡಿಲ್ಲವೆಂದರು. ಯಾರಿಗೂ ಎಂದರೆ ನಿಜವಾಗಿ ಯಾರಿಗೂ, ಕೊಟ್ಟವನಿಗೇ ತಿಳಿದಿರಲಿಲ್ಲ. ಆ ದುಡ್ಡನ್ನು ಏನು ಮಾಡುವುದೆಂದು ಹಿರಿಯರು ಆಗಲೇ ಕೂತು ತೀರ್ಮಾನಿಸಿದ್ದರಂತೆ.

"ಮಲ್ಲೇಶ್ವರದಲ್ಲಿ ಮೇಷ್ಟ್ರು ಒಂದು ರೇಡಿಯೋ ನೋಡಿದ್ದಾರೆ. ಹಸಿರು ದೀಪ ಇದೆಯಂತೆ, ಸರಿಯಾಗಿ ಇಷ್ಟೇ ದುಡ್ಡು. ನಮ್ಮ ಮನೇಲಿಟ್ಟರೆ ಸಭೆಯವರೆಲ್ಲ ಬಂದು ಸುವಿಚಾರ ಕೇಳಬಹುದು. ಯಾರೋ ಸೋಮವಾರ ತಗೋತೀನಿ ಅಂದಿದ್ದಾರಂತೆ, ಪಾಪ. ಅವರು ಬರೋಕೆ ಮುಂಚೆ ನೀವೇ ಹೋಗಿ ತಂದುಬಿಡಿ" ಎಂದು ಅಯ್ಯನವರು ಪೌಡರ್ ಡಬ್ಬಿಯನ್ನು ಅವನ ಕೈಯಲ್ಲಿಟ್ಟರು.

ಸೋಮವಾರ ಎಲೀಶಪ್ಪ ರೇಡಿಯೋ ಕೊಂಡ. ಮಾತಿಗೆ ತಪ್ಪದ ಗಿರಾಕಿ ಎಂದು ಅಂಗಡಿಯವನು ಬೆನ್ನು ತಟ್ಟಿದ. ಅದನ್ನು ತೊಡೆಯ ಮೇಲಿಟ್ಟುಕೊಂಡು ಗುಲಾಮ್ ರಸೂಲನ ಜಟಕಾದಲ್ಲಿ ಬಂದು ಅಯ್ಯನವರ ಮನೆಯ ಮೇಜಿನ ಮೇಲೆ ಇಳಿಸಿದ. ಜೇಬಿನಲ್ಲಿ ಬಾಡಿಗೆಗೆ ಕಾಸಿರಲಿಲ್ಲ. ಗಂಡನ ಸಾರಿಗೆಂದು ಕರುಣಮ್ಮ ಎತ್ತಿಟ್ಟಿದ್ದ ನಾಲ್ಕು ಹಿಡಿ ಬಿಟ್ಟು ಉಳಿದ ಹುರುಳಿಯನ್ನೆಲ್ಲ ಮನೆಯಿಂದ ತಂದು ಕುದುರೆಯ ಮುಂದೆ ಸುರಿದ. ಮಂಡಿಯಲ್ಲಿ ಪಿಳ್ಳಣ್ಣ ಮೂಟೆಗಳ ಮೇಲೆ ಕೂತು ರೇಟು ಏರುವುದನ್ನು ಕಾಯುತ್ತಿದ್ದ. ಆ ದಿನ ಇಡೀ ಯಶವಂತಪುರದಲ್ಲಿ ಇದ್ದುದನ್ನು ತಿಂದು ತೃಪ್ತಿಯಿಂದ ತಲೆಯಾಡಿಸಿದ ಜೀವ ಆ ಕುದುರೆಯೊಂದೇ.