ಭಾವನ ತಾಳ, ಅಕ್ಕನ ದನಿ

ನಲವತ್ತೆರಡು ದಿನಾರ್! ಒಂದು ರೆಕಾರ್ಡರಿಗೆ. ಅಂಗಡಿಯವನು ಹೇಳಿದ್ದು ಐವತ್ತೈದು. ಮೆಮೊರಿ ಕಾರ್ಡು, ಚೀಲ, ಗಾಳಿ ತಡೆಯುವ ಸ್ಪಂಜಿನ ಟೋಪಿ ಪುಕ್ಕಟೆ. ಅಷ್ಟು ಇಳಿಸಿದ್ದು ನಾನು, ಇನ್ನೂ ಇಳಿಯದಂತೆ ತಡೆದದ್ದು ನಮ್ಮ ಭಾವ. ಕುವೈತಿನ ಜುಲೈಯಲ್ಲಿ ಮನೆ ತುಂಬ ಜನರನ್ನು ಕೂರಿಸಿ ಎಸಿ ಬಂದ್ ಮಾಡಿಸಿಯೂ ಪೆಟ್ಟು ತಿನ್ನದೆ ಉಳಿದ ಏಕೈಕ ಮನುಷ್ಯ ಎಂದರೆ ಅವರ ಪರಿಚಯ ಆದಂತೆಯೇ.

ವಿಷಯ ಇಷ್ಟು. ರುಮೈಥಿಯಾ ಬಡಾವಣೆಯ ಅವರ ಫ್ಲ್ಯಾಟಿನಲ್ಲಿ ಶುಕ್ರವಾರ ಭಜನೆ. ಹಾಡುವುದು ನನ್ನ ಅಕ್ಕ, ತಾಳ ಹಾಕುವುದು ಭಾವ. ಅಕ್ಕನ ಕುತ್ತಿಗೆಯ ಗಂಟಿಗೆ ಆಪರೇಷನ್ ಆಗಬೇಕಿತ್ತು. ದನಿಯ ನರ ಅಲ್ಲೇ ಹತ್ತಿರ, ಆಮೇಲೂ ಹೀಗೇ ಹಾಡಬಹುದೆಂದು ಹೇಳಲಾಗದು ಎಂದರು ಡಾಕ್ಟರು. "ಹಾಗಾದ್ರೆ ನಿಮಗೆಲ್ಲ ಆರಾಮ" ಎಂದು ಅಕ್ಕ ನಕ್ಕಳು. ಭಾವ ನಗಲಿಲ್ಲ. ಮರುದಿನವೇ ನನಗೆ ಫೋನು: "ಒಂದು ಒಳ್ಳೆ ರೆಕಾರ್ಡರ್ ಆಗ್ಬೇಕಲ್ಲ ಮಾರಾಯ. ಆಪರೇಷನ್ನಿಗೆ ಮೊದಲು."

"ಮೊಬೈಲ್ ಉಂಟಲ್ಲ ಭಾವ?"

"ಮೊಬೈಲಿನಲ್ಲಿ ನಿನ್ನಕ್ಕ ಹಿಟ್ಟಿನ ಡಬ್ಬದೊಳಗೆ ಕೂತು ಹಾಡಿದ ಹಾಗೆ ಕೇಳ್ತದೆ!"

ಕುವೈತ್ ಸಿಟಿಗೆ ಹೋದೆವು. ಈ ಊರಿಗೆ ಸೇಲ್ಸ್‌ಮನ್ ಆಗಿ ಬಂದು ಸ್ವಂತ ಅಂಗಡಿ ಇಟ್ಟವನು ನಾನು. ಚೌಕಾಸಿಯ ಮೊದಲ ಪಾಠ, ಬೇಕಾದ ಮಾಲನ್ನು ಬೇಡದವರ ಹಾಗೆ ನೋಡಬೇಕು. ನಾನು ಇಸ್ತ್ರಿಪೆಟ್ಟಿಗೆ ನೋಡುತ್ತ ನಿಂತೆ. ಭಾವ ಏನು ಮಾಡಬೇಕು? ಕಿಸೆಯಿಂದ ತಾಳ ತೆಗೆದರು! ಪ್ರತಿಯೊಂದು ರೆಕಾರ್ಡರಿನ ಮುಂದೆಯೂ ಝಣ್ ಎಂದು ಹೊಡೆದು, ಒಂದು ಸಾಲು ಹಾಡಿ, ಹೆಡ್‌ಫೋನಿನಲ್ಲಿ ಕೇಳಿ, "ಶಬ್ದ ಒಡೀತದೆ, ಬೇಡ" ಎಂದು ಮುಂದಕ್ಕೆ.

"ಭಾಯಿ, ಯೇ ದುಕಾನ್ ಹೈ, ಮಂದಿರ್ ನಹೀ!" ಎಂದು ಅಂಗಡಿಯವನು ಕೈಮುಗಿದ.

ಕೊನೆಗೆ, ಶಬ್ದದ ಮಟ್ಟವನ್ನು ಕೈಯಿಂದಲೇ ತಿರುಗಿಸುವ ಗುಂಡಿ ಇದ್ದ ಒಂದು ಸಿಕ್ಕಿತು. ಭಾವನ ಮುಖ ಅರಳಿತು. ನಾನು ಬೆಲೆ ಇಳಿಸುತ್ತಿರುವಾಗಲೇ ಅವರೆಂದರು, "ಯಹೀ ಚಾಹಿಯೇ! ಕಿತನಾ ಭೀ ಹೋ!" ಇದೇ ಬೇಕಂತೆ, ಎಷ್ಟಾದರೂ ಆಗಲಿಯಂತೆ! ಚೌಕಾಸಿ ಮಾಡುವವನ ಪಕ್ಕ ನಿಂತು ಆಡುವ ಮಾತೇ ಇದು? ನಲವತ್ತೆರಡಕ್ಕೆ ಬಂದಿದ್ದ ಅಂಗಡಿಯವನು ಅಲ್ಲೇ ಕಲ್ಲಾದ.

ಶುಕ್ರವಾರ ಎಸಿ ಗುರುಗುಟ್ಟುತ್ತದೆಂದು ಬಂದ್. ಫ್ರಿಜ್ಜೂ ಬಂದ್. ಗೋಡೆ ಗಡಿಯಾರದ ಸೆಲ್ಲನ್ನೂ ಭಾವ ಕಿತ್ತರು.

"ದೇವರು ಬರುವ ಮೊದಲು ನಾವೇ ಅವನಲ್ಲಿಗೆ ಹೋಗ್ತೇವೆ!" ಎಂದರು ಹಾರ್ಮೋನಿಯಂನವರು.

"ನಿಮ್ಮ ಮಂಡೆ ಸಮ ಉಂಟಾ? ಬಂದವರು ಬೆಂದು ಹೋದರು!" ಎಂದು ಅಕ್ಕ ಭಾವನಿಗೆ ಗದರಿದಳು.

ಒಂದು ಪದ ಹಾಡಿ ಮುಗಿಯಿತು. ಹಾಕಿ ಕೇಳಿದರೆ ಬರೀ ತಾಳ! ಯಾರೂ ಮುಟ್ಟಬಾರದೆಂದು ಭಾವ ರೆಕಾರ್ಡರನ್ನು ತಮ್ಮ ತೊಡೆಯ ಬಳಿಯೇ ಇಟ್ಟುಕೊಂಡಿದ್ದರು. ಅಕ್ಕ ಪಕ್ಕದ ಬಿಲ್ಡಿಂಗಿನಲ್ಲಿ ಹಾಡಿದ ಹಾಗಿತ್ತು. ಭಾವ ಎದ್ದು, ಅದನ್ನು ಅಕ್ಕನ ಎದುರಿಟ್ಟು, ತಾಳವನ್ನು ಕೆಳಗಿಟ್ಟರು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲೆ ಇಟ್ಟುಕೊಂಡು ಕೂತರು. ಅಕ್ಕ ಮತ್ತೆ ಹಾಡತೊಡಗಿ, ಹಾಡು ಅರ್ಧವಾದಾಗ ಭಾವ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಇವಳು ಇಷ್ಟು ಚಂದ ಹಾಡ್ತಾಳಾ ಮಾರಾಯ?" ತಮ್ಮದೇ ತಾಳದ ಸದ್ದಿನಲ್ಲಿ ಅವರು ಇಷ್ಟು ವರ್ಷ ಅವಳ ದನಿಯನ್ನು ಕೇಳಿಸಿಕೊಂಡೇ ಇರಲಿಲ್ಲ!

ಆಪರೇಷನ್ ಆಯಿತು. ಅಕ್ಕನ ದನಿ ಮರಳಿತು. ಆದರೆ ಸ್ವಲ್ಪ ಒರಟು, ಶ್ರುತಿ ಹಾರ್ಮೋನಿಯಂನ ಒಂದು ಮನೆ ಕೆಳಗೆ. ಮತ್ತೆ ಭಜನೆ ಸೇರಿದ ದಿನ ಅವಳು ಹಾಡಲು ನಾಚಿದಳು. ಭಾವ ರೆಕಾರ್ಡರ್ ತಂದು ಮುಂದಿಟ್ಟರು.

"ಈ ಒಡಕು ದನಿ ಎಂತಕ್ಕೆ ನಿಮಗೆ?"

"ಇದೂ ನಿಂದೇ ಅಲ್ವಾ ಮಾರಾಯ್ತಿ. ಹಾಡು."

ಹಾಡಿದಳು.

ನೀವೂ ರೆಕಾರ್ಡರ್ ಕೊಳ್ಳುವುದಾದರೆ ಕೇಳಿ. ಗುಂಡಿಯನ್ನು ಅರ್ಧಕ್ಕಿಂತ ಕೆಳಗೇ ಇಡಿ. ಸಣ್ಣ ದನಿಯನ್ನು ಆಮೇಲೆ ಏರಿಸಬಹುದು, ಯಂತ್ರದಲ್ಲಿ ಒಡೆದದ್ದನ್ನು ಕೂಡಿಸಲಾಗದು. ಹೊಸ ಸೆಲ್ ಹಾಕಿ. ಹಾಡುವವರು ಮನೆಯಲ್ಲೇ ಇದ್ದರೆ ಈ ವಾರವೇ ಹೋಗಿ ತನ್ನಿ. ಅಂಗಡಿಯವನು ಹೇಳಿದ ರೇಟಿಗಾದರೂ ಸರಿ.