ಪಿಸುಮಾತಿನ ದೊಡ್ಡಮ್ಮ

ನಮ್ಮ ದೊಡ್ಡಮ್ಮನಂಥ ಜಗಳಗಂಟಿ ಇಡೀ ಭದ್ರಾವತಿಯಲ್ಲಿ ಇನ್ನೊಬ್ಬರಿರಲಿಲ್ಲ. ಆದರೆ ಆಕೆ ದನಿ ಏರಿಸಿದ್ದನ್ನು ಕೇಳಿದವರೂ ಇರಲಿಲ್ಲ! ಇದೇನು ಒಗಟು ಅನ್ನುತ್ತೀರಾ? ಅಲ್ಲಿನ ಕಾಗದನಗರದ ಪೇಪರ್ ಕಾರ್ಖಾನೆಯಲ್ಲಿದ್ದ ದೊಡ್ಡಪ್ಪನಿಗೆ ಹೆಚ್ಚುಕಡಿಮೆ ಸದಾ ನೈಟ್ ಶಿಫ್ಟು. ಬೆಳಿಗ್ಗೆ ಬಂದು ಮಲಗಿದರೆ ಏಳುವುದು ಮಧ್ಯಾಹ್ನ ದಾಟಿದ ಮೇಲೆ. ಅಲ್ಲಿಯವರೆಗೆ ಆ ಕ್ವಾರ್ಟರ್ಸಿನಲ್ಲಿ ನೊಣವೂ ದೊಡ್ಡಮ್ಮನ ಅಪ್ಪಣೆ ಪಡೆದೇ ಹಾರಬೇಕು!

ಕುಕ್ಕರ್ ಕೂಗುವ ಮೊದಲೇ ಅದರ ತಲೆಗೆ ಒದ್ದೆ ಬಟ್ಟೆ ಬೀಳುತ್ತಿತ್ತು. ಸೊಪ್ಪು ಮಾರುವ ತಮಿಳಿನಾಕೆಯೊಂದಿಗೆ ವ್ಯಾಪಾರವೆಲ್ಲ ಬೆರಳಲ್ಲೇ. ಒಮ್ಮೆ ಪಕ್ಕದ ಮನೆಯಾಕೆಯ ಜೊತೆ ನಲ್ಲಿ ನೀರಿಗೆ ಜಗಳವಾಯಿತು. ಆಕೆಯ ಗಂಡನದೂ ನೈಟ್ ಶಿಫ್ಟೇ! ಇಬ್ಬರೂ ಸೆರಗು ಸಿಕ್ಕಿಸಿ, ಕೈ ಬೀಸಿ ಬೀಸಿ, ಪಿಸುಪಿಸು ಅಂತಲೇ ಒಬ್ಬರ ವಂಶವನ್ನೊಬ್ಬರು ಜಾಲಾಡಿದರು. ದಾರಿಹೋಕರು ಏನೋ ಗುಟ್ಟಿರಬೇಕೆಂದು ಕಿವಿಗೊಟ್ಟು ನಿಂತರು.

ಆಗ ನಾನು ಶಿವಮೊಗ್ಗದಲ್ಲಿ ಕಾಲೇಜು ಓದುತ್ತಿದ್ದೆ. ಓದಿದ್ದಕ್ಕಿಂತ ಪತ್ತೇದಾರಿ ಕಥೆ ಬರೆದದ್ದೇ ಹೆಚ್ಚು. ಕೊಲೆಗಳೆಲ್ಲ ನಡೆಯುತ್ತಿದ್ದುದು ಲಂಡನ್ನಿನಲ್ಲಿ. ನಾನು ನೋಡಿದ್ದ ಅತಿ ದೂರದ ಊರು ದಾವಣಗೆರೆ! ಪತ್ರಿಕೆಗಳಿಗೆ ಕಳಿಸಿದ್ದೆಲ್ಲ ಹೋದಷ್ಟೇ ಬೇಗ ವಾಪಸು ಬರುತ್ತಿತ್ತು. ಇನ್ನೊಂದು ವಾಪಸು ಬಂದರೆ ಬರೆಯುವುದನ್ನೇ ಬಿಡುವುದೆಂದು ನಿರ್ಧರಿಸಿದ್ದೆ. ಆ ಕೊನೆಯ ಕಥೆಯನ್ನು ಕಳಿಸುವ ಮೊದಲು ಭದ್ರಾವತಿಗೆ ಹೋಗಿ ದೊಡ್ಡಮ್ಮನಿಗೆ ಪಿಸುದನಿಯಲ್ಲಿ ಓದಿ ಹೇಳಿದೆ. ಲಂಡನ್ನಿನ ಬೀದಿಯಲ್ಲಿ ಹಾಡಹಗಲೇ ಹೆಣ ಬಿತ್ತು, ಹೆಂಗಸರೆಲ್ಲ ಕಿಟಾರನೆ ಕಿರುಚಿದರು...

“ಅಲ್ಲ ಮಾರಾಯ,” ಅಂದರು ದೊಡ್ಡಮ್ಮ, “ಹಗಲು ಹೊತ್ತಲ್ಲಿ ಹಿಂಗೆ ಕಿರುಚ್ತಾರಲ್ಲ, ಆ ಬೀದೀಲಿ ಯಾರೂ ನೈಟ್ ಶಿಫ್ಟ್ ಮುಗಿಸಿ ಮಲಗಿಲ್ವಾ?”

ನನ್ನ ಲಂಡನ್ ಅಲ್ಲೇ ಕುಸಿದುಬಿತ್ತು! ಶಿವಮೊಗ್ಗದ ಬಸ್ಸಿನಲ್ಲಿ ಉದ್ದಕ್ಕೂ ಒಬ್ಬನೇ ನಕ್ಕೆ. ಮನೆಗೆ ಬಂದವನು, ಆ ಕ್ವಾರ್ಟರ್ಸಿನಲ್ಲಿ ಕಳೆದ ನನ್ನ ಬೇಸಿಗೆ ರಜೆಗಳನ್ನು ಬರೆಯಲು ಕೂತೆ. ಕುಕ್ಕರು, ನಲ್ಲಿ ಜಗಳ, ಕೆಮ್ಮು ಬಂದರೆ ದಿಂಬಿಗೆ ಮುಖ ಒತ್ತಿಕೊಳ್ಳುತ್ತಿದ್ದ ನಾನು. ಒಂದು ಸಾಲಿಗೂ ತಡಕಾಡಬೇಕಾಗಲಿಲ್ಲ. ವಾರಪತ್ರಿಕೆಯವರು ಅಚ್ಚು ಹಾಕಿಯೇಬಿಟ್ಟರು!

ಹಿಗ್ಗಿ ಹೀರೇಕಾಯಿಯಾದೆ. ಮರುಕ್ಷಣವೇ ಇನ್ನೊಂದು ಯೋಚನೆ ಬಂತು. ಊರಿಗೆಲ್ಲ ನನ್ನನ್ನು ನಗೆಪಾಟಲು ಮಾಡಿದೆಯಲ್ಲೋ ಅಂತ ದೊಡ್ಡಮ್ಮ ನೊಂದುಕೊಂಡರೆ? ಬೇರೆಯವರು ಹೇಳುವ ಮೊದಲು ನಾನೇ ಓದಿಬಿಡೋಣವೆಂದು ಪತ್ರಿಕೆ ಹಿಡಿದು ಭದ್ರಾವತಿಗೆ ಹೋದೆ. ದೊಡ್ಡಪ್ಪ ಒಳಗೆ ಮಲಗಿದ್ದರು. ಹೊರಗೆ ಪಿಸುದನಿಯಲ್ಲಿ ಓದತೊಡಗಿದೆ. ದೊಡ್ಡಮ್ಮನ ಮುಖ ಬಿಗಿದೇ ಇತ್ತು. ನಲ್ಲಿ ಜಗಳ ಬಂತು ನೋಡಿ, ಸೆರಗನ್ನು ಬಾಯಿಗೆ ತುರುಕಿಕೊಂಡರು. ಆಗಲಿಲ್ಲ! ಬೀದಿಗೆಲ್ಲ ಕೇಳುವಂತೆ ಘೊಳ್ಳನೆ ನಕ್ಕುಬಿಟ್ಟರು.

ದೊಡ್ಡಪ್ಪ ಎದ್ದು ಬಂದರು. ಅವರು ಪತ್ರಿಕೆ ಇಸಿದುಕೊಂಡು ನಿಂತಲ್ಲೇ ಪೂರ್ತಿ ಓದಿದರು.

“ನಮ್ ಕ್ವಾರ್ಟರ್ಸ್ ಲೈನು ಬಹಳ ಶಾಂತ ಅಂತ ಡಿಪಾರ್ಟ್‌ಮೆಂಟಲ್ಲೆಲ್ಲ ಹೇಳ್ಕೊಂಡು ಬಂದಿದೀನಲ್ಲೇ,” ಅಂದರು. ಮಲಗಿದ್ದವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು ಹೇಳಿ!

“ಎಬ್ಬಿಸಿಬಿಟ್ನಲ್ಲ. ಹೋಗಿ ಮಲ್ಕೊಳ್ಳಿ, ರಾತ್ರಿ ಮತ್ತೆ ಡ್ಯೂಟಿ ಇದೆ,” ಅಂದರು ದೊಡ್ಡಮ್ಮ.

ಆಮೇಲೆ ಲಂಡನ್ನಿನಲ್ಲಿ ನಾನು ಒಬ್ಬರನ್ನೂ ಕೊಂದಿಲ್ಲ. ಇವತ್ತಿನವರೆಗೆ ಬರೆದದ್ದೆಲ್ಲ ನಮ್ಮವರ ಬಗ್ಗೆಯೇ. ಅದಕ್ಕೆ ದೊಡ್ಡಮ್ಮನಿಗೆ ಎಷ್ಟು ಕೈ ಮುಗಿದರೂ ಸಾಲದು. ಆದರೆ ಅವತ್ತು ದೊಡ್ಡಪ್ಪ ಮಲಗಲು ಹೋಗಲಿಲ್ಲ. ಹೆಂಡತಿಯ ಪಕ್ಕದಲ್ಲೇ ಕೂತು, ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟರು.

“ಇವಳು ನಕ್ಕಿದ್ದು ಕೇಳಿ ಎಷ್ಟು ವರ್ಷ ಆಗಿತ್ತೋ. ಇನ್ನೊಂದ್ಸಲ ಓದು ಮಗ, ಜೋರಾಗಿ ಓದು.”