ಅಡ್ಡ ಹೊಲಿಗೆಯವರ ಸನ್ನಿಧಾನಕ್ಕೆ

ಕಳೆದ ಹೆರಿಗೆಯ ಆಪರೇಷನ್ ಆದಂದಿನಿಂದ ನನ್ನ ಮಗಳ ಗರ್ಭಕೋಶದಲ್ಲಿ ಕಾಯಂ ವಾಸವಾಗಿರುವ ಮಾನ್ಯ ಹೊಲಿಗೆಯವರೇ,

ತುಂಬು ಗೌರವದ ನಮಸ್ಕಾರಗಳು. ತಾವು ಕ್ಷೇಮವೇ? ತಮ್ಮ ಮೇಲುಮನೆಯ ಚರ್ಮದವರು, ನಡುಮನೆಯ ಕೊಬ್ಬಿನವರು, ಪಕ್ಕದಲ್ಲೇ ಇದ್ದು ಗಳಿಗೆಗೊಮ್ಮೆ ಮಗಳನ್ನು ಎಬ್ಬಿಸಿ ಓಡಿಸುವ ಮೂತ್ರಕೋಶದವರು, ಎಲ್ಲರೂ ಆರೋಗ್ಯವೆಂದು ನಂಬಿದ್ದೇನೆ. ಇತ್ತ ನಾವೂ ಚೆನ್ನಾಗಿದ್ದೇವೆ, ತಮ್ಮದೊಂದು ಯೋಚನೆ ಬಿಟ್ಟರೆ.

ಮಗಳಿಗೆ ಈ ಸಲ ಸಹಜವಾಗಿ ಹೆರಬೇಕೆಂಬ ಆಸೆ. ಶೋಕಿಗಲ್ಲ. ಮನೆಯಲ್ಲಿ ಮೂರು ವರ್ಷದ ಪುಟ್ಟಿ ಇದ್ದಾಳೆ, ಕಾಲು ನೆಲಕ್ಕೆ ತಾಗಿದರೆ ಅವಮಾನವೆಂದು ತಿಳಿದವಳು. ಮತ್ತೆ ಹೊಟ್ಟೆ ಕೊಯ್ದರೆ ವಾರಗಟ್ಟಲೆ ಅವಳನ್ನು ಎತ್ತಿಕೊಳ್ಳುವ ಹಾಗಿಲ್ಲ. ಇದನ್ನೇ ಕೇಳಲು ಹೋದಾಗ ಡಾಕ್ಟರಮ್ಮ ಹಳೆಯ ಕಾಗದ ನೋಡಿ, "ಒಳಗಿನ ಹೊಲಿಗೆ ಅಡ್ಡ ಇದೆ" ಎಂದರು. ಉಳಿದ ಮಾತು ನನ್ನ ಕಂಕುಳಲ್ಲಿದ್ದ ಪುಟ್ಟಿಯ ಕಿರುಚಾಟದಲ್ಲಿ ನನ್ನ ಪಾಲಿಗೆ ಮುಳುಗಿಹೋಯಿತು.

ನನಗೆ ಅಷ್ಟೇ ಸಾಕಾಯಿತು. ಮನೆಗೆ ಬಂದವಳೇ ಬಂಧುಬಳಗಕ್ಕೆಲ್ಲ ಫೋನು ಮಾಡಿ, ಆ ಹಾಳು ಹೊಲಿಗೆ ಅಡ್ಡ ಬಂದಿದೆಯಂತೆ ಎಂದು ತಮ್ಮ ಮಾನ ಹರಾಜು ಹಾಕಿದೆ. ನನ್ನ ನಾದಿನಿಯಂತೂ, "ಅದನ್ನ ಬಿಚ್ಚಿ ಬೇರೆ ಹಾಕಿಸಿ ಅತ್ತಿಗೆ" ಎಂದಳು. ಇದನ್ನು ಕೇಳಿಸಿಕೊಂಡ ಮಗಳು ಆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು: "ಅಯ್ಯೋ ಅಮ್ಮಾ, ಅಡ್ಡ ಬಂದಿಲ್ಲ, ಅಡ್ಡಡ್ಡಕ್ಕೆ ಇದೆ! ಮೇಲಿಂದ ಕೆಳಕ್ಕೆ ಉದ್ದಕ್ಕೆ ಇದ್ದಿದ್ರೆ ಕಷ್ಟ ಆಗ್ತಿತ್ತು. ಹೀಗಿರೋದೇ ಒಳ್ಳೇದಂತೆ." ತಮ್ಮ ಹೊಗಳಿಕೆಯನ್ನು ಬೈಗುಳ ಮಾಡಿ ಊರಿಗೆಲ್ಲ ಹಂಚಿದ್ದಕ್ಕೆ ಕ್ಷಮಿಸಬೇಕು, ಅಡ್ಡಡ್ಡ ಮಲಗಿದವರನ್ನು ಹೊಗಳುವ ರೂಢಿ ನಮ್ಮ ಮನೆಯಲ್ಲಿಲ್ಲ, ಬೇಕಾದರೆ ನನ್ನ ಯಜಮಾನರನ್ನು ಕೇಳಿ.

ಸಹಜ ಹೆರಿಗೆಗೆ ತಮ್ಮನ್ನು ಬಿಟ್ಟು ಮಿಕ್ಕಿದ್ದೆಲ್ಲ ಒಪ್ಪಿದ ಹಾಗೆಯೇ. ಎರಡು ಬಸಿರುಗಳ ನಡುವೆ ಸಾಕಷ್ಟು ಅಂತರವಿದೆ. ಕಳೆದ ಸಲ ಆಪರೇಷನ್ ಆದದ್ದು ಪುಟ್ಟಿ ಕಾಲು ಕೆಳಗೆ ಮಾಡಿ ಕುಳಿತಿದ್ದಕ್ಕೆ. ಈ ಮಗು ಮರ್ಯಾದೆಯಾಗಿ ತಲೆ ಕೆಳಗೆ ಮಾಡಿದೆ, ಅತಿಯಾಗಿ ದಪ್ಪವೂ ಇಲ್ಲ. ಹಿಂದೊಮ್ಮೆ ಸಹಜ ಹೆರಿಗೆ ಆಗಿದ್ದಿದ್ದರೆ ಇನ್ನೂ ಅನುಕೂಲವಿತ್ತಂತೆ, ಅದು ಈಗ ಎಲ್ಲಿಂದ ತರುವುದು? ನೋವು ತಾನಾಗಿಯೇ ಬಂದರೆ ಒಳ್ಳೆಯದೆಂದು ಕಾಯುತ್ತಿದ್ದೇವೆ. ಇಷ್ಟಾದರೂ ಡಾಕ್ಟರಮ್ಮ ಮಾತು ಕೊಡುವುದಿಲ್ಲ, "ಹೊಲಿಗೆ ತಡ್ಕೋಬೇಕಲ್ಲಮ್ಮ" ಎನ್ನುತ್ತಾರೆ. ಮಲಗಿದಲ್ಲಿಂದಲೇ ಇಡೀ ಮನೆಯನ್ನು ತುದಿಗಾಲಲ್ಲಿ ನಿಲ್ಲಿಸುವ ತಮ್ಮ ದರ್ಬಾರು ಯಾವ ದೊಡ್ಡ ಅಧಿಕಾರಿಗೆ ಸಿದ್ಧಿಸೀತು!

ಆದ್ದರಿಂದ ಕೋರಿಕೆಯೇನೆಂದರೆ, ಆ ದಿನ ಅಕ್ಕಪಕ್ಕದವರು ಎಷ್ಟೇ ಎಳೆದಾಡಿ ಗಲಾಟೆ ಮಾಡಿದರೂ ತಾವು ಎದ್ದು ವಿಚಾರಿಸಲು ಹೋಗದೆ, ಹಿಗ್ಗುವಷ್ಟು ಹಿಗ್ಗಿ, ಮಗು ದಾಟಿದ ಮೇಲೆ ತಮ್ಮ ಪಾಡಿಗೆ ತಾವು ಮಲಗಿಕೊಂಡಿರಬೇಕು. ತಡೆಯಲಾಗದೆನಿಸಿದರೆ ಮಾತ್ರ ಮುಂಚೆಯೇ ಸುಳಿವು ಕೊಡಿ. ಆಪರೇಷನ್ ಕೋಣೆ ಪಕ್ಕದಲ್ಲೇ ಇದೆ. ಮಗಳ ಜೀವಕ್ಕಿಂತ ಯಾರ ಹಟವೂ ದೊಡ್ಡದಲ್ಲ. ಪುಟ್ಟಿಯನ್ನು ನಾನೇ ಹೊತ್ತು ತಿರುಗುತ್ತೇನೆ. "ಪಾಪ, ಈ ಸಲಾನೂ ಆಗ್ಲಿಲ್ವಾ" ಎಂದು ರಾಗ ಎಳೆಯುತ್ತಾ ಬರುವವರ ಬಾಯಿಗೂ ನಾನೇ ಹೊಲಿಗೆ ಹಾಕುತ್ತೇನೆ.

ಕಣ್ಣಾರೆ ಕಾಣದೆಯೇ ತಮ್ಮನ್ನು ನೆಚ್ಚಿ ಕುಳಿತಿರುವ,
ತಮ್ಮ ವಿಶ್ವಾಸಿ,
ಪುಟ್ಟಿಯ ಅಜ್ಜಿ

ವಿ.ಸೂ.: ಯಾರಿಗೇ ಬರೆದರೂ ಕೂಡಲೇ ಉತ್ತರಿಸಿ ಎಂದು ಕೇಳುವುದು ನನ್ನ ಅಭ್ಯಾಸ. ತಮ್ಮನ್ನು ಮಾತ್ರ ಕೇಳಲಾರೆ. ತಾವು ಬಾಯಿ ಬಿಡದಿದ್ದರೇ ಎಲ್ಲರಿಗೂ ಕ್ಷೇಮ. ತಮ್ಮ ಪರವಾಗಿ ಒಳಗಿರುವ ಪುಟ್ಟವರು ಬೇಗ ಉತ್ತರ ಕೊಡಲಿ. ಬರೆಯಲು ಬಾರದಿದ್ದರೆ ಬೇಡ, ಗಟ್ಟಿಯಾಗಿ ಒಮ್ಮೆ ಅತ್ತರೂ ಸಾಕು.